ಶನಿವಾರದ ಗಾಣಿಗ

“ಗುರುಗಳೇ, ಸಹನೆಯನ್ನು ಬೋಧಿಸಲು ನಾಳೆ ಹೊರಡುತ್ತಿದ್ದೇನೆ. ಶಾಲೆಯಿಂದ ಶಾಲೆಗೆ ಹೋಗಬೇಕೆಂದಿದ್ದೇನೆ. ಒಳ್ಳೆಯ ಮಾತಿನಿಂದ ಕೆಡುಕಾಗುವುದುಂಟೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಮೇಷ್ಟ್ರಿದ್ದರು. ಅವರಿಗೆ ತಮ್ಮದೆಂಬ ಶಾಲೆಯಿರಲಿಲ್ಲ. ಒಂದು ತಗಡಿನ ಟ್ರಂಕು, ಅದರೊಳಗೆ ನಕಾಶೆಗಳು ಮತ್ತು ಚಿತ್ರಗಳು. ಬಸ್ಸಿನಲ್ಲಿ ಊರೂರು ತಿರುಗಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ದೂರದ ದೇಶಗಳಲ್ಲಿ ಯಹೂದಿಗಳನ್ನು ಜನ ಹೇಗೆ ದ್ವೇಷಿಸಿದರು, ನೆರೆಯವರೇ ನೆರೆಯವರನ್ನು ಹೇಗೆ ಹಿಡಿದುಕೊಟ್ಟರು, ಎಷ್ಟು ಲಕ್ಷ ಜೀವ ಹೋಯಿತು, ಇದು ಅವರ ಪಾಠ.

ಅವರು ಒಳ್ಳೆಯವರು. ಇದನ್ನು ನೆನಪಿನಲ್ಲಿಡು. ಈ ಕತೆಯಲ್ಲಿ ಕೆಟ್ಟವರು ಯಾರೂ ಬರುವುದಿಲ್ಲ.

ಪ್ರಾಯದಲ್ಲಿದ್ದಾಗ ಅವರು ಒಂದು ಫೋಟೊ ನೋಡಿದ್ದರು. ಆ ದೇಶಗಳಲ್ಲೊಂದರ ಯಹೂದಿ ಮಕ್ಕಳ ತರಗತಿಯ ಫೋಟೊ. ನಲವತ್ತೊಂದು ಮಕ್ಕಳು ಸಾಲಾಗಿ ಕುಳಿತಿದ್ದರು. ಬದುಕಿ ಉಳಿದ ಇಬ್ಬರ ಹೆಸರನ್ನು ಮಾತ್ರ ಯಾರೋ ಕೆಳಗೆ ಬರೆದಿದ್ದರು. ಅಂದಿನಿಂದ ಮೇಷ್ಟ್ರಿಗೆ ಬೇರೆ ಪಾಠ ಹೇಳಲು ಮನಸ್ಸು ಬರಲಿಲ್ಲ. ಹನ್ನೆರಡು ವರ್ಷ ತಿರುಗಿದರು. ಆದರೆ ಈ ಹನ್ನೆರಡು ವರ್ಷಗಳಲ್ಲಿ ಒಬ್ಬ ಯಹೂದಿಯನ್ನೂ ಕಣ್ಣಾರೆ ಕಂಡಿರಲಿಲ್ಲ. ಒಮ್ಮೆಯಾದರೂ ಕಾಣಬೇಕು, ನಾಲ್ಕು ಮಾತಾಡಬೇಕು ಎಂಬ ಆಸೆ ಅವರಿಗಿತ್ತು.

ಹೀಗಿರುವಾಗ ಕಡಲ ಕಡೆಯ ಒಂದು ಊರಿಗೆ ಬಂದರು. ಹೆಡ್ಮಾಸ್ತರರು ಟ್ರಂಕನ್ನು ನೋಡಿ, “ಹೇಳಿ, ಹೇಳಿ. ಮಕ್ಕಳಿಗೆ ಜ್ಞಾನ ಬರಲಿ. ಆದರೆ ನಮ್ಮೂರಿನಲ್ಲಿ ಅಂಥ ತೊಂದರೆ ಇಲ್ಲ. ದ್ವೇಷಿಸೋಣವೆಂದರೂ ಒಬ್ಬ ಯಹೂದಿ ಸಿಕ್ಕುವುದಿಲ್ಲ” ಎಂದರು.

ಹೆಡ್ಮಾಸ್ತರರು ತಿಳಿದದ್ದು ತಪ್ಪು. ಆ ಊರಿನಲ್ಲಿ ಹಸಾಜಿ ಎಂಬ ಗಾಣಿಗನಿದ್ದ. ಹೆಂಡತಿ ತೀರಿಕೊಂಡಿದ್ದಳು. ಗಾಣ, ಒಂದು ಎತ್ತು, ತಾನು, ಇಷ್ಟೇ ಸಂಸಾರ. ಅವನು ಯಹೂದಿ. ಅವನ ಅಜ್ಜನ ಅಜ್ಜನೂ ಅದೇ ಊರಿನಲ್ಲಿ ಎಣ್ಣೆ ತೆಗೆದವನು.

ಊರಿಗೆ ಇದು ಗೊತ್ತಿಲ್ಲದಿರಲು ಕಾರಣವಿತ್ತು. ಯಹೂದಿಗಳಿಗೆ ಶನಿವಾರ ವಿಶ್ರಾಂತಿಯ ದಿನ. ಆ ದಿನ ಹಸಾಜಿ ಗಾಣ ಕಟ್ಟುತ್ತಿರಲಿಲ್ಲ. ಆ ಊರಿನವರಿಗೋ ಶನಿವಾರ ಮನೆಗೆ ಎಣ್ಣೆ ತಂದರೆ ಶನಿಯನ್ನೇ ತಂದಂತೆ. ಹಾಗಾಗಿ ಅವನು ಬಾಗಿಲು ಹಾಕಿದ್ದೂ ಇವರು ಹೋಗದಿದ್ದದ್ದೂ ಸರಿಹೋಯಿತು. ನಷ್ಟವನ್ನೂ ನೋಡದೆ ಶನಿದೇವರ ನೇಮ ಹಿಡಿದವನು ಎಂದು ಊರು ಅವನನ್ನು ಮೆಚ್ಚಿತು. ಶನಿವಾರದ ಗಾಣಿಗ ಎಂದು ಕರೆಯಿತು. ಶನಿಗುಡಿಯ ದೀಪಕ್ಕೆ ಶುಕ್ರವಾರವೇ ಅವನಲ್ಲಿಂದ ಎಣ್ಣೆ ಹೋಗುತ್ತಿತ್ತು. ಕೇಳಿದ್ದರೆ ಅವನು ನಿಜ ಹೇಳುತ್ತಿದ್ದ. ಐದು ತಲೆಮಾರಿನಲ್ಲಿ ಯಾರೂ ಕೇಳಲಿಲ್ಲ.

ಕೇಳುವಷ್ಟು ಪುರುಸೊತ್ತೂ ಇರಲಿಲ್ಲ. ಗಾಣದ ಮುಂದೆ ಹಾದುಹೋಗುವವರಿಗೆ ಅವನನ್ನು ಕೆಣಕುವುದೇ ಕೆಲಸ.

“ಏನೋ ಹಸಾಜಿ, ಎತ್ತನ್ನು ನೀನು ತಿರುಗಿಸುತ್ತೀಯೋ, ನಿನ್ನನ್ನು ಎತ್ತು ತಿರುಗಿಸುತ್ತದೋ?”

“ಎತ್ತಿನ ಕಣ್ಣಿಗೆ ನಾನು ಬಟ್ಟೆ ಕಟ್ಟಿದ್ದೇನೆ. ನಿನಗೆ ಯಾರು ಕಟ್ಟಿದರೋ?”

ಇಂಥ ಮಾತಿನಲ್ಲಿ ಅವನ ಅರವತ್ತಾರು ವರ್ಷ ಕಳೆದಿತ್ತು.

ಮೇಷ್ಟ್ರು ಶುಕ್ರವಾರ ಪಾಠ ಮಾಡಿದರು. ಚೆನ್ನಾಗಿಯೇ ಮಾಡಿದರು. ಯಹೂದಿಗಳ ಹಬ್ಬ, ಊಟ, ಶನಿವಾರದ ವಿಶ್ರಾಂತಿ ಎಲ್ಲವನ್ನೂ ಹೇಳಿದರು. ಬಳಿಕ ಅವರ ಮೇಲೆ ಜನ ಹೊರಿಸಿದ ಸುಳ್ಳುಗಳನ್ನು ಒಂದೊಂದಾಗಿ ಹೇಳಿ ಖಂಡಿಸಿದರು. “ಯಹೂದಿಗಳು ಬಾವಿಗೆ ವಿಷ ಹಾಕುತ್ತಾರೆಂದು ಆ ಕಾಲದಲ್ಲಿ ಹೇಳುತ್ತಿದ್ದರು, ಅದು ಶುದ್ಧ ಸುಳ್ಳು” ಎಂದರು. ಕೊನೆಗೆ ಎಲ್ಲರನ್ನೂ ನಿಲ್ಲಿಸಿ ಒಂದು ಪ್ರತಿಜ್ಞೆ ಮಾಡಿಸಿದರು. “ನಮಗಿಂತ ಬೇರೆಯಾದವರನ್ನು ನಾವು ಸಹಿಸಿಕೊಳ್ಳುತ್ತೇವೆ.”

ಸಹನೆ ಎಂಬುದು ಅವರಿಗೆ ಪುಸ್ತಕದಲ್ಲಿ ಸಿಕ್ಕಿದ ಪದ. ಊರಿನಲ್ಲಿ ಆ ಪದಕ್ಕೆ ಬಳಕೆ ಬೇರೆ ಇತ್ತು. ಅಲ್ಲಿ ಜನ ಸಹಿಸಿಕೊಳ್ಳುತ್ತಿದ್ದದ್ದು ಹಲ್ಲುನೋವನ್ನು, ಸೆಕೆಯನ್ನು, ಮತ್ತು ಅತ್ತೆಯನ್ನು.

ಗಂಟೆ ಹೊಡೆಯಿತು. ಮಕ್ಕಳು ಚೀಲ ಹೆಗಲಿಗೇರಿಸಿದರು. ಆಗ ಒಬ್ಬ ಹುಡುಗಿ ಕೇಳಿದಳು.

“ಸರ್, ಶನಿವಾರ ಕೆಲಸ ಮಾಡದವರು ಯಹೂದಿಗಳಾದರೆ, ನಮ್ಮ ಗಾಣದಜ್ಜ?”

ಮೇಷ್ಟ್ರು ಗಾಣದಜ್ಜನ ವಿಷಯ ಕೇಳಿ ತಿಳಿದುಕೊಂಡರು. ಹೆಸರು ಕೇಳಿದರು. ಕಡಲ ಕಡೆಯ ಯಹೂದಿಗಳಲ್ಲಿ ಆ ಹೆಸರು ಉಂಟೆಂದು ಅವರು ಓದಿದ್ದರು. “ಹೌದು ಮಗು, ಅವರು ಯಹೂದಿಯೇ ಇರಬೇಕು” ಎಂದರು. ಹನ್ನೆರಡು ವರ್ಷಗಳಲ್ಲಿ ಅಷ್ಟು ಸಂತೋಷ ಅವರಿಗೆ ಎಂದೂ ಆಗಿರಲಿಲ್ಲ.

ಮರುದಿನ ಅವರು ಹೆಡ್ಮಾಸ್ತರರನ್ನೂ ಮಕ್ಕಳನ್ನೂ ಕರೆದುಕೊಂಡು ಗಾಣದ ಮನೆಗೆ ಹೋದರು. ಹಸಾಜಿ ಜಗಲಿಯಲ್ಲಿ ಕುಳಿತಿದ್ದ. ಹೆಡ್ಮಾಸ್ತರರು ಹಾರ ಹಾಕಿದರು. ಮಕ್ಕಳು ಸಾಲಾಗಿ ನಿಂತು ಒಂದೇ ದನಿಯಲ್ಲಿ, “ಅಜ್ಜಾ, ನಾವು ನಿಮ್ಮನ್ನು ಸಹಿಸಿಕೊಳ್ಳುತ್ತೇವೆ” ಎಂದರು.

ಹಸಾಜಿ ಹಾರವನ್ನು ತೆಗೆದು ಮಡಿಲಲ್ಲಿಟ್ಟುಕೊಂಡ. ಮಕ್ಕಳ ಮುಖವನ್ನು ಒಂದೊಂದಾಗಿ ನೋಡಿದ. “ಯಾಕೆ ಮಕ್ಕಳೇ, ನಾನೇನು ತಪ್ಪು ಮಾಡಿದೆ?” ಎಂದು ಕೇಳಿದ.

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಅಜ್ಜನದು ತಮಾಷೆಯ ಸ್ವಭಾವ ಎಂದು ಮಕ್ಕಳು ಮೊದಲೇ ಹೇಳಿದ್ದರು. ಸಂಜೆಯ ಬಸ್ಸಿಗೆ ಮೇಷ್ಟ್ರು ಮುಂದಿನ ಊರಿಗೆ ಹೋದರು.

ಇತ್ತ ಮಕ್ಕಳು ಕೇಳಿದ ಪಾಠವನ್ನು ಮನೆಯಲ್ಲಿ ಹೇಳಿದರು. ನಮ್ಮ ಭಾಷೆಯಲ್ಲಿ ಅಲ್ಲ, ಇಲ್ಲ, ಸುಳ್ಳು ಎಂಬ ಮಾತುಗಳು ವಾಕ್ಯದ ಕೊನೆಗೆ ಬರುತ್ತವೆ. ಅಷ್ಟು ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ, ಇಲ್ಲವೇ ಬಾಗಿಲಲ್ಲಿ ಯಾರೋ ಕೂಗಿರುತ್ತಾರೆ. ಊರು ಕೇಳಿಸಿಕೊಂಡದ್ದು ವಾಕ್ಯಗಳ ಮೊದಲರ್ಧವನ್ನು.

ಹಾಗೆಂದು ಬಾವಿಯ ಮಾತನ್ನು ಯಾರೂ ನಂಬಲಿಲ್ಲ. ಹಸಾಜಿ ವಿಷ ಹಾಕುವವನೇ? ಛೆ. ಆದರೂ ಅವನು ಕೊಡ ಹಿಡಿದು ಕೇರಿಯ ಬಾವಿಗೆ ಬಂದಾಗ ಇಬ್ಬರು ಎದ್ದು ಬಂದು, “ತಮಗೇಕೆ ಶ್ರಮ, ನಾವೇ ಸೇದಿ ಮನೆಗೆ ಮುಟ್ಟಿಸುತ್ತೇವೆ” ಎಂದರು. ಮುಟ್ಟಿಸಿದರು ಕೂಡ. ಒಂದು ದಿನವೂ ತಪ್ಪಿಸಲಿಲ್ಲ. ಗುಡಿಯ ಅರ್ಚಕರು ಬಂದು, “ತಮ್ಮ ಧರ್ಮದ ನಿಯಮಕ್ಕೆ ನಮ್ಮಿಂದ ಭಂಗ ಬರಬಾರದು” ಎಂದು ಹಸಾಜಿಗೆ ಕೈಮುಗಿದರು. ಅವನ ಎಣ್ಣೆ ದೀಪಕ್ಕೆ ಹೋಗುವುದು ನಿಂತಿತು. ದೀಪಕ್ಕೆ ಆಗದ ಎಣ್ಣೆಯನ್ನು ಒಗ್ಗರಣೆಗೆ ಹೇಗೆ ಬಳಸುವುದು ಎಂದು ಹೆಂಗಸರು ಯೋಚಿಸಿದರು. ಅಂಗಡಿಯಲ್ಲಿ ಡಬ್ಬದ ಎಣ್ಣೆ ಸಿಗುತ್ತಿತ್ತು.

ಯಾರೂ ಒಂದು ಬಿರುಸು ಮಾತಾಡಲಿಲ್ಲ. ಬದಲಿಗೆ ಅವನಿಗೆ ಬಹುವಚನ ಬಂತು. ‘ಏನೋ ಹಸಾಜಿ’ ಎನ್ನುತ್ತಿದ್ದವರು ‘ನಮಸ್ಕಾರ ಹಸಾಜಿಯವರೇ, ಆರೋಗ್ಯವೇ’ ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದರು. ಎತ್ತಿನ ವಿಷಯದಲ್ಲಿ ಅವನನ್ನು ಯಾರೂ ಕೆಣಕಲಿಲ್ಲ. ಒಮ್ಮೆ ಅವನೇ ಹಳೆಯ ಗೆಳೆಯನನ್ನು ಕೆಣಕಿದ. ಗೆಳೆಯ ತಲೆ ತಗ್ಗಿಸಿ, “ತಾವು ಹೇಳಿದರೆ ಸರಿಯೇ” ಎಂದ.

ಆ ದಿನ ಹಸಾಜಿ ಊಟ ಮಾಡಲಿಲ್ಲ.

ಒಂದು ವರ್ಷದ ಬಳಿಕ ಮೇಷ್ಟ್ರು ಮತ್ತೆ ಆ ಊರಿಗೆ ಬಂದರು. ಬುಧವಾರ. ಗಾಣ ನಿಂತಿತ್ತು. ಎತ್ತು ಇರಲಿಲ್ಲ. ಹಸಾಜಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಮೇಷ್ಟ್ರು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡರು.

“ಎಲ್ಲಿಗೆ ಹೊರಟಿರಿ ಹಸಾಜಿಯವರೇ?”

“ಮುಂಬಯಿಗೆ. ತಂಗಿಯ ಮಗನಿದ್ದಾನೆ. ಅಲ್ಲಿ ನಮ್ಮವರು ಒಂದಷ್ಟು ಜನ ಇದ್ದಾರಂತೆ.” ಹಸಾಜಿ ಗಂಟನ್ನು ಅರ್ಧಕ್ಕೇ ನಿಲ್ಲಿಸಿದ. “ನೋಡಿ, ನಮ್ಮವರು ಅಂದೆ. ಇದುವರೆಗೆ ಆ ಮಾತನ್ನು ನಾನು ಈ ಊರಿನವರಿಗೇ ಹೇಳುತ್ತಿದ್ದೆ.”

“ಇಲ್ಲಿ ಯಾರಾದರೂ ಏನಾದರೂ ಅಂದರೇ?”

“ಅಂದಿದ್ದರೆ ನಾನೂ ಎರಡು ಅಂದು ಇಲ್ಲೇ ಇರುತ್ತಿದ್ದೆ. ಯಾರೂ ಏನೂ ಅನ್ನುವುದಿಲ್ಲ, ಮೇಷ್ಟ್ರೇ. ಎಲ್ಲರೂ ನನ್ನನ್ನು ಸಹಿಸಿಕೊಂಡಿದ್ದಾರೆ.”

ಮೇಷ್ಟ್ರು ಹಿಡಿದಿದ್ದ ಹಗ್ಗದ ತುದಿಯನ್ನು ಕೆಳಗಿಟ್ಟರು. ಬಳಿಕ, “ನಾನು ಬರಬಾರದಿತ್ತು” ಎಂದರು.

“ಹಾಗನ್ನಬೇಡಿ. ನೀವು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆ ದೇಶದ ಮಕ್ಕಳ ಸುದ್ದಿ ನನಗೂ ಗೊತ್ತಿರಲಿಲ್ಲ. ಆ ಹುಡುಗಿ ಬಂದು ಹೇಳಿದಳು. ಕೇಳಿ ಅತ್ತುಬಿಟ್ಟೆ. ಅಳುವಾಗ ಪಕ್ಕದಲ್ಲಿ ಊರಿನವರು ಯಾರಾದರೂ ಕುಳಿತಿದ್ದರೆ ಆಗುತ್ತಿತ್ತು. ದುಃಖ ನನ್ನ ಮನೆಯದು ಎಂದುಕೊಂಡು ಅವರು ಮರ್ಯಾದೆಗೆ ದೂರ ನಿಂತರು.”

ಹೆಡ್ಮಾಸ್ತರರು ಬಸ್ಸಿನವರೆಗೂ ಬಂದು ಹಸಾಜಿಗೆ ಶಾಲು ಹೊದಿಸಿದರು. ಮಕ್ಕಳು ಕೈಬೀಸಿದರು. ಅಷ್ಟು ಗೌರವದಿಂದ ಆ ಊರು ಯಾರನ್ನೂ ಬೀಳ್ಕೊಟ್ಟಿರಲಿಲ್ಲ. ಬಸ್ಸು ಹೋದ ಮೇಲೆ ಹೆಡ್ಮಾಸ್ತರರು ಮೇಷ್ಟ್ರ ಕಡೆ ತಿರುಗಿ, “ಮೊದಲೇ ಹೇಳಿದ್ದೆನಲ್ಲ, ನಮ್ಮೂರಿನಲ್ಲಿ ಆ ತೊಂದರೆ ಇಲ್ಲ” ಎಂದರು. ಈಗ ಅವರು ಹೇಳಿದ್ದು ನಿಜವಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ. “ಹಾಗಾದರೆ ಆ ಪಾಠವನ್ನು ಯಾರೂ ಹೇಳಬಾರದೇ? ನಲವತ್ತೊಂದು ಮಕ್ಕಳನ್ನು ಮರೆತುಬಿಡಬೇಕೇ? ನಾನು ಹೋಗಬಾರದೇ?”

“ಮರೆಯಬಾರದು, ಹೋಗಲೇಬೇಕು, ಆದರೆ ಇಷ್ಟು ವರ್ಷ ಇಲ್ಲಿ ಒಟ್ಟಿಗೆ ಉಂಡು, ಜಗಳವಾಡಿ ಬದುಕಿದ ನಮ್ಮಲ್ಲಿ ಯಾರನ್ನು ಸಹಿಸಿಕೊಂಡಿದ್ದೆ ಎಂದು ಹೇಳಿ ಹೋಗು” ಎಂದರು ಗುರುಗಳು.