ತಡವನ್ನು ಬರೆದಿಟ್ಟ ನೋಟ್‌ಬುಕ್

ಒಂದು ಕೋಡ್ ಎಡಿಟರಿನಲ್ಲಿ, ಲೆಕ್ಕಗಳನ್ನು ಬರೆದು ಅಲ್ಲೇ ಓಡಿಸುವ ನೋಟ್‌ಬುಕ್ಕೂ ಅದರ ಸಾಲುಗಳ ನಡುವೆ ಓಡಾಡುವ ಕರ್ಸರೂ ಅನ್ಯೋನ್ಯವಾಗಿದ್ದವು. ಇತ್ತೀಚೆಗೆ ಮಾತ್ರ ಒಂದಕ್ಷರ ಮೂಡಬೇಕಾದರೂ ಕರ್ಸರ್ ಕಾದು ನಿಲ್ಲಬೇಕಾಗುತ್ತಿತ್ತು. ಕಾರಣ ಹುಡುಕದೆ ಬಿಡುವುದಿಲ್ಲವೆಂದು ಅದು ಹೊರಟಿತು.

"ನನ್ನ ಲೆಕ್ಕ ಮಾಡಿಕೊಡುವ ಕರ್ನಲ್ಲೇ ಸೋಮಾರಿ," ಎಂದಿತು ನೋಟ್‌ಬುಕ್.

ಕರ್ಸರ್ ಹೋಗಿ ಕೇಳಿತು. "ನಾನು ಆಗಲೇ ಲೆಕ್ಕ ಮುಗಿಸಿ ಕೈಕಟ್ಟಿ ಕೂತಿದ್ದೇನೆ," ಎಂದಿತು ಕರ್ನಲ್.

"ಹಾಗಾದರೆ ಇದು ಎಕ್ಸ್‌ಟೆನ್ಶನ್‌ಗಳ ಕಿತಾಪತಿ," ಎಂದಿತು ನೋಟ್‌ಬುಕ್.

ಕರ್ಸರ್ ಹೆಚ್ಚುವರಿ ಕೆಲಸಗಳಿಗೆಂದು ಎಡಿಟರಿಗೆ ಬಂದು ಸೇರಿದ್ದ ಎಕ್ಸ್‌ಟೆನ್ಶನ್‌ಗಳಲ್ಲಿ ಅರ್ಧವನ್ನು ಹೊರಗೆ ನಿಲ್ಲಿಸಿತು. ಆಮೇಲೆ ಅವನ್ನು ಒಳಗೆ ಕರೆದು ಉಳಿದರ್ಧವನ್ನು ಕಳಿಸಿತು. ತಡ ಹಾಗೆಯೇ ಇತ್ತು. ಕೊನೆಗೆ ಪಕ್ಕದಲ್ಲೊಂದು ಖಾಲಿ ನೋಟ್‌ಬುಕ್ ತೆರೆದು ನೋಡಿದರೆ, ಅಲ್ಲಿ ಅರಳು ಸಿಡಿದಂತೆ ಅಕ್ಷರಗಳು ಪಟಪಟನೆ ಮೂಡಿದವು.

"ತೊಂದರೆ ನಿನ್ನೊಳಗೇ ಇದೆ," ಎಂದು ಮರಳಿ ಬಂದ ಕರ್ಸರ್ ಮೊದಲ ಸಾಲಿನಿಂದ ಕೆಳಗಿಳಿಯಿತು. ಕಟ್ಟಕಡೆಗೆ ಮೂರು ಲಕ್ಷ ಸಾಲುಗಳ ಪಟ್ಟಿಯೊಂದು ಸಿಕ್ಕಿತು. ಪ್ರತಿ ಸಾಲಿನಲ್ಲೂ ಒಂದೇ ಮಾತು: ಈಗಲೂ ತಡವಾಯಿತು.

"ಇದೇನು?"

"ಎಂದೋ ಒಮ್ಮೆ ತುಸು ತಡವಾಗಿತ್ತು. ಅಂದಿನಿಂದ ಪ್ರತಿ ತಡವನ್ನೂ ಬರೆದಿಡುತ್ತಿದ್ದೇನೆ."

"ನಿನ್ನ ಕಾಲಿಗೆ ತೊಡರಿಕೊಂಡಿರುವುದು ಈ ಪಟ್ಟಿಯೇ. ಅಳಿಸುತ್ತೇನೆ."

"ಅಳಿಸಿದರೆ ನಾನು ಪಟ್ಟ ಪಾಡಿಗೆ ಸಾಕ್ಷಿ ಏನುಳಿದೀತು?"

"ಪಾಡೇ ಉಳಿಯುವುದಿಲ್ಲ," ಎಂದು ಕರ್ಸರ್ ಇಡೀ ಪಟ್ಟಿಯನ್ನು ಅಳಿಸಿತು. ಸಾಲುಗಳು ಸರಾಗವಾಗಿ ಓಡಿದವು.

ನೋಟ್‌ಬುಕ್ ಮೆಲ್ಲಗೆ ಕೇಳಿತು: "ಬೇಗ ಆದದ್ದನ್ನಾದರೂ ಬರೆದಿಡಲೇ?"

"ಬೇಡ," ಎಂದ ಕರ್ಸರ್, ಮಾತು ಮುಗಿಯುವಷ್ಟರಲ್ಲಿ ಮುಂದಿನ ಸಾಲಿಗೆ ಓಡಿಯಾಗಿತ್ತು.