ಹದಿನಾರು ಕಲೆಯ ದೊರೆ

ಉದ್ದಂಡರಾಯನೆಂಬ ದೊರೆಗೆ ಹೊಗಳಿಕೆ ಕಿವಿಗೆ ಬೀಳದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಬೆಳಿಗ್ಗೆ ಹೊಗಳುಭಟರು ಬಾಯಿ ತೆರೆದರೆ ಬಿರುದುಗಳು ಮುಗಿಯುವಷ್ಟರಲ್ಲಿ ಅರಮನೆಯ ಗಂಜಿಯೆಲ್ಲ ತಣ್ಣಗಾಗುತ್ತಿತ್ತು. ಅವನಿಗೆ ತೀರ ಮೆಚ್ಚಿನ ಬಿರುದು 'ಹದಿನಾರು ಕಲೆಗಳ ಪೂರ್ಣಚಂದ್ರ'. ಕೇಳಿ ಕೇಳಿ ಒಂದು ದಿನ ಅದು ನಿಜವೇ ಅನ್ನಿಸಿಬಿಟ್ಟಿತು.

"ನಾನೇ ಪೂರ್ಣಚಂದ್ರನಾಗಿರುವಾಗ ಮೇಲೆ ಇನ್ನೊಬ್ಬ ಯಾಕೆ? ಅವನನ್ನೂ ಪೂಜಿಸುವವರು ಇದ್ದಾರೇನು?" ಎಂದು ಮಂತ್ರಿಯನ್ನು ಕೇಳಿದ.

"ಬೆಳ್ಳಿಗುಡ್ಡದಲ್ಲಿ ತಿಂಗಳಿಗರು ಅಂತ ಕಾಡುಜನ ಇದ್ದಾರೆ ಪ್ರಭು. ಚಂದ್ರನನ್ನು ತಿಂಗಳಪ್ಪ ಅಂತಾರೆ. ಮಗುವಿಗೆ ಹೆಸರಿಡುವುದು ಬಿದಿಗೆಗೆ, ಮದುವೆ ಹುಣ್ಣಿಮೆಗೆ. ಅಮಾವಾಸ್ಯೆಯ ದಿನ ಜಗಳ ಕೂಡ ಆಡುವುದಿಲ್ಲವಂತೆ, ಸಾಕ್ಷಿಗೆ ದೇವರಿಲ್ಲ ಅಂತ."

ಹೇಳಿಬಿಟ್ಟು ಮಂತ್ರಿ ನಾಲಿಗೆ ಕಚ್ಚಿಕೊಂಡ. ಆದರೆ ದೊರೆ ಆಗಲೇ ಪಲ್ಲಕ್ಕಿ ತರಲು ಹೇಳಿದ್ದ.

ಮೂರನೆಯ ದಿನ ಮಂತ್ರಿ ಮತ್ತು ಐವತ್ತು ಸಿಪಾಯಿಗಳ ಜೊತೆ ಪಲ್ಲಕ್ಕಿ ಗುಡ್ಡ ಹತ್ತಿತು. ಡಂಗುರದವನು ಸಾರಿದ: "ಕೇಳ್ರಪ್ಪೋ ಕೇಳ್ರಿ! ಹದಿನಾರು ಕಲೆಗಳ ಒಡೆಯರು ಬಂದವ್ರೆ. ಈ ಹುಣ್ಣಿಮೆಯಿಂದ ಪೂಜೆ ಇವರಿಗೇ. ಒಪ್ಪದಿದ್ರೆ ಗುಡ್ಡ ಬಿಟ್ಟು ನಡೀರಿ."

ಗುಡ್ಡ ಬಿಟ್ಟರೆ ತಿಂಗಳಿಗರಿಗೆ ಜೇನಿಲ್ಲ, ಗೆಣಸಿಲ್ಲ, ಹಿರಿಯರನ್ನು ಹೂತ ಮಣ್ಣೂ ಇಲ್ಲ. ಎಲ್ಲರೂ ಜೊನ್ನವ್ವನ ಕಡೆ ನೋಡಿದರು. ತಿಂಗಳಪ್ಪನ ಪೂಜೆ ಮಾಡುತ್ತಿದ್ದವಳು ಅವಳೇ. ಹಲ್ಲು ನಾಲ್ಕೇ ಉಳಿದಿದ್ದರೂ ನಾಲಿಗೆ ಪೂರ್ತಿ ಉಳಿದಿತ್ತು.

"ಆಗ್ಲಿ ಬುದ್ಧಿ," ಎಂದು ಮುಂದೆ ಬಂದಳು. "ನಮ್ಮಲ್ಲಿರೋದು ಒಂದೇ ಪೂಜೆ, ಬೈಗುಪೂಜೆ. ಅದನ್ನೇ ಮಾಡ್ತೀವಿ."

ಬೈಗು ಅಂದರೆ ಸಂಜೆ ಎಂದು ದೊರೆಗೆ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ.

"ತಿಂಗಳಪ್ಪನಿಗೆ ಮಾಡುವುದಕ್ಕಿಂತ ಒಂದು ಚೂರೂ ಕಡಿಮೆಯಾಗಕೂಡದು," ಎಂದ.

"ಕಮ್ಮಿ ಯಾಕಾಯ್ತದೆ? ಜಾಸ್ತೀನೇ ಆಯ್ತದೆ. ಆದ್ರೆ ಒಂದು ಕಟ್ಟಳೆ ಐತೆ. ಪೂಜೆ ಮುಗಿಯೋಗಂಟ ದೇವ್ರು ಏಳಂಗಿಲ್ಲ, ಎದುರು ಮಾತಾಡಂಗಿಲ್ಲ. ನಮ್ಮ ತಿಂಗಳಪ್ಪ ಇವತ್ತಿನಗಂಟ ಒಂದು ಮಾತಾಡಿಲ್ಲ. ತಾವು ಎದ್ರೆ ತಾವು ದೇವ್ರಲ್ಲ. ಗುಡ್ಡಾನೂ ನಮ್ದು, ತಿಂಗಳಪ್ಪನೂ ನಮ್ಮೋನು."

"ಪೂಜೆ ಮಾಡಿಸಿಕೊಳ್ಳುವಾಗ ಯಾವ ಮೂರ್ಖ ಎದ್ದು ಹೋಗುತ್ತಾನೆ?" ದೊರೆ ಕತ್ತಿ ಮುಟ್ಟಿ ಮಾತು ಕೊಟ್ಟ.

ಹುಣ್ಣಿಮೆಗೆ ನಾಲ್ಕು ದಿನವಿತ್ತು. ಆ ನಾಲ್ಕೂ ದಿನ ಜೊನ್ನವ್ವ ಪಲ್ಲಕ್ಕಿ ಹೊತ್ತವರ ಹೆಗಲಿಗೆ ಎಣ್ಣೆ ತಿಕ್ಕಿದಳು, ಸಿಪಾಯಿಗಳಿಗೆ ಬೈನೆ ಹೆಂಡ ಕೊಡಿಸಿದಳು. ಹೆಗಲ ನೋವು ಇಳಿದ ಹಾಗೆ ಬಾಯಿ ಬಿಚ್ಚಿತು. ಅವಳು ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು.

ಹುಣ್ಣಿಮೆಯ ಸಂಜೆ ದೊರೆಯನ್ನು ಪೂಜೆಯ ಬಂಡೆಯ ಮೇಲೆ ಕೂರಿಸಿ, ಕೊರಳಿಗೆ ಬಿಳಿಹೂವಿನ ಹಾರ ಹಾಕಿದರು. ತಮಟೆ ಬಿತ್ತು. ಜೊನ್ನವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏ, ನಿನ್ನ ಮೋರೆಗಿಷ್ಟು ಬೂದಿ ಬೀಳ!"

ದೊರೆ ಬೆಚ್ಚಿಬಿದ್ದ. ಮಂತ್ರಿ ಓಡಿ ಬಂದ. "ಇದೇನವ್ವ, ಬೈಗುಪೂಜೆ ಅಂದೆಯಲ್ಲ?"

"ಹೂಂ ಸ್ವಾಮಿ, ಬೈಯೋ ಪೂಜೆ. ಬೈಸ್ಕೊಳ್ದ ದೇವ್ರು ಕೊಬ್ತಾನೆ ಅಂತ ನಮ್ಮ ಹಿರೀಕರು ಹೇಳವ್ರೆ. ಹುಣ್ಣಿಮೇಲಿ ಅವ್ನು ತುಂಬ್ಕೊಂಡು ಮೆರೀತಾನಲ್ಲ, ಆಗ ಮೈಮೇಲಿನ ಕಲೆ ತೋರ್ಸಿ ಬೈತೀವಿ. ನಾಚ್ಕೊಂಡು ದಿನಾ ಸವೀತಾನೆ, ಅಮಾಸೆಗೆ ಮಖ ಮುಚ್ಕೋತಾನೆ. ಆಮೇಲೆ ಬುದ್ಧಿ ಕಲ್ತು ಬರ್ತಾನೆ."

ದೊರೆ ಏಳಲು ಹೊರಟವನು ಕೊಟ್ಟ ಮಾತು ನೆನೆದು ಹಲ್ಲು ಕಚ್ಚಿ ಕೂತ.

"ಕಟ್ಟಿಹಾಕಿದ್ದ ಹುಲಿಗೆ ಬಾಣ ಬಿಟ್ಟೋನೇ!" ಎಂದಳು ಜೊನ್ನವ್ವ.

"ನಾಚ್ಕೋ, ನಾಚ್ಕೋ," ಎಂದು ತಿಂಗಳಿಗರು ಕೂಗಿದರು.

"ಯುದ್ಧದ ದಿನ ಹೊಟ್ಟೆನೋವು ಅಂತ ಡೇರೆಯೊಳಗೆ ಹೊದ್ದು ಮಲಗಿದೋನೇ!"

"ನಾಚ್ಕೋ, ನಾಚ್ಕೋ."

"ಮೀಸೆಗೆ ಮಸಿ ಬಳ್ಕೊಂಡು, ಬೆವರಿಗೆ ಇಳಿದ್ರೆ ಆಳಿಗೆ ಒದೆಯೋನೇ!"

ಈ ಸಲದ "ನಾಚ್ಕೋ" ತುಂಬ ಜೋರಾಗಿತ್ತು. ದೊರೆ ತಿರುಗಿ ನೋಡಿದರೆ ಅವನ ಐವತ್ತು ಸಿಪಾಯಿಗಳೂ ಭರ್ಜಿಯ ಬುಡದಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದರು. ಹೀಗೇ ಎಂಟು ಕಲೆ ಆದವು. ಒಂಬತ್ತನೆಯದನ್ನು ಜೊನ್ನವ್ವ ಹೇಳಬೇಕಾಗಿಯೇ ಬರಲಿಲ್ಲ. ಗುಂಪಿನ ಹಿಂದಿನಿಂದ ಯಾರೋ ಬಹಳ ಶುದ್ಧವಾದ ಭಾಷೆಯಲ್ಲಿ, "ಮಂತ್ರಿಯ ಮಾತನ್ನು ಒಮ್ಮೆಯಾದರೂ ಕೇಳದವನೇ!" ಎಂದರು.

ದೊರೆ ಬಂಡೆಯಿಂದ ಜಿಗಿದ. "ನಿಲ್ಲಿಸು ಮುದುಕಿ! ಆ ಚಂದ್ರನಿಗೇ ಇರುವುದು ಒಂದು ಕಲೆ. ನನ್ನ ಮೈಮೇಲೆ ಒಂಬತ್ತು ಎಣಿಸಿದೆಯಲ್ಲ, ನಿನಗೆಷ್ಟು ಪೊಗರು?"

ಜೊನ್ನವ್ವ ಕೈಮುಗಿದಳು.

"ಎಣಿಸಿದ್ದು ನಾನಲ್ಲ ಬುದ್ಧಿ. ಹದಿನಾರು ಕಲೆ ಐತೆ ಅಂತ ಡಂಗುರ ಹೊಡೆಸಿದ್ದು ತಾವೇಯ. ನಾವು ಕಾಡಿನ ಜನ, ಎಷ್ಟು ತಡಕಾಡಿದ್ರೂ ಒಂಬತ್ತೇ ಸಿಕ್ಕಿದ್ದು. ಮಿಕ್ಕ ಏಳು ತಾವೇ ಹೇಳ್ಬಿಟ್ರೆ ಪೂಜೆ ಮುಗೀತದೆ."

ಮೊದಲು ನಕ್ಕವನು ಡಂಗುರದವನು. ಆಮೇಲೆ ಸಿಪಾಯಿಗಳು. ದೊರೆಯ ಮೀಸೆ ಸಿಟ್ಟಿಗೆ ಕುಣಿಯಿತು, ಕುಣಿಯುತ್ತ ಕುಣಿಯುತ್ತ ಅದರಡಿಯಿಂದ ನಗು ಹೊರಬಿತ್ತು. ಅಷ್ಟು ಒಳ್ಳೆಯ ಬುದ್ಧಿ ಅವನಿಗೆ ಆ ಗುಡ್ಡದ ಮೇಲೆ ಎಲ್ಲಿಂದ ಬಂತೋ ಗೊತ್ತಿಲ್ಲ. ಹಾರ ತೆಗೆದು ಬಂಡೆಯ ಮೇಲಿಟ್ಟು, ಹೆಗಲ ಶಾಲನ್ನು ಜೊನ್ನವ್ವನಿಗೆ ಹೊದಿಸಿದ.

"ಗುಡ್ಡ ನಿಮ್ಮದೇ, ದೇವರೂ ನಿಮ್ಮವನೇ. ಇದನ್ನು ತಿಂಗಳು ತಿಂಗಳೂ ತಡೆದುಕೊಂಡು ಮತ್ತೆ ಬೆಳಕು ಕೊಡಲು ಬರುತ್ತಾನೆಂದರೆ ಅವನು ದೇವರೇ ಸರಿ."

ಅಂದಿನಿಂದ ಹೊಗಳುಭಟರು ಆ ಒಂದು ಬಿರುದನ್ನು ಕೈಬಿಟ್ಟರು. ಹೊಸದಾಗಿ ಸೇರಿದ ಭಟ ಯಾವನಾದರೂ ತಿಳಿಯದೆ "ಹದಿನಾರು ಕಲೆಗಳ..." ಎಂದು ಎಳೆದರೆ, ಸಭೆಯ ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಕೇಳುತ್ತಿದ್ದರಂತೆ: "ಮಿಕ್ಕ ಏಳು ಯಾವುವು ಸ್ವಾಮಿ?"