ಮೂರನೆಯ ಕೂಗು

ಕಲ್ಲಹೊಳೆಯ ಮಠವೆಂದರೆ ಆಗ ಎರಡು ಕೋಣೆ, ಒಂದು ದಾಸೋಹದ ಒಲೆ, ಅಷ್ಟೇ. ಪೂಜ್ಯ ನಿಶ್ಚಿಂತ ಶಿವಯೋಗಿಗಳು ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಇರುತ್ತಿದ್ದರು. ಹಸಿದು ಬಂದವರು ಮೊದಲು ತಮ್ಮ ಕಣ್ಣಿಗೇ ಬೀಳಲಿ ಎಂಬುದು ಅವರ ಇಚ್ಛೆ.

ಮಠದ ಗಂಟೆ ಬಾರಿಸುವವರು ಗುರುಪಾದಯ್ಯನವರು. ಯಾರೂ ಎಬ್ಬಿಸದೆ ನಸುಕಿನ ನಾಲ್ಕಕ್ಕೆ ಅವರಿಗೆ ಎಚ್ಚರವಾಗುತ್ತಿತ್ತು. ಬೇಗ ಏಳುವವನು ಸಾತ್ವಿಕ, ತಡವಾಗಿ ಏಳುವವನು ತಾಮಸಿ ಎಂಬುದು ಅವರ ನಂಬಿಕೆ. ತಾವು ಯಾವ ಪೈಕಿ ಎಂಬುದರಲ್ಲಿ ಅನುಮಾನವೂ ಇರಲಿಲ್ಲ. ಅಡುಗೆಯ ದುಂಡಪ್ಪನಾದರೋ ಬಿಸಿಲು ಮೋರೆಗೆ ಬಿದ್ದ ಮೇಲೂ ಮಗ್ಗಲು ಬದಲಿಸುವ ಆಸಾಮಿ.

ಒಂದು ದಿನ ಗುರುಪಾದಯ್ಯನವರಿಗೆ ತಾಳ್ಮೆ ತಪ್ಪಿತು. “ಅಪ್ಪಾರ, ಈ ಕುಂಭಕರ್ಣನ್ನ ಮಠ ಬಿಡಸ್ರಿ,” ಎಂದರು. ದುಂಡಪ್ಪನಿಗೆ ಮಠ ಬಿಟ್ಟರೆ ಬೇರೆ ನೆಲೆಯಿರಲಿಲ್ಲ.

“ಆತು. ಇವತ್ತಿನ ಸಂಜಿ ದಾಸೋಹ ನೀನ ನೋಡ್ಕೊ. ನಾಳೆ ಹೇಳ್ತೀನಿ,” ಎಂದರು ಶಿವಯೋಗಿಗಳು.

ಆ ಮಠದಲ್ಲೊಂದು ಪದ್ಧತಿ. ಒಲೆ ಆರಿಸುವ ಮೊದಲು ದಾರಿಗೆ ಬಂದು, “ಉಣ್ಣದವರು ಯಾರದೀರಿ, ಬರ್ರೀ!” ಎಂದು ಮೂರು ಸಲ ಕೂಗಬೇಕು. ಎಂಟು ಗಂಟೆಗೆಲ್ಲ ಗುರುಪಾದಯ್ಯನವರ ರೆಪ್ಪೆಗಳು ಜೋತುಬಿದ್ದವು. ಸಿಡಿಮಿಡಿಯಲ್ಲೇ ಬಡಿಸಿದರು. ಬಾಗಿಲಲ್ಲೇ ನಿಂತು ಒಂದು ಸಲ ಗೊಣಗಿದಂತೆ ಕೂಗಿ, ಒಲೆಗೆ ನೀರು ಸುರಿದರು.

ಅಷ್ಟರಲ್ಲಿ ಬಳೆ ಮಾರುವ ಮುದುಕಿಯೊಬ್ಬಳು ಸಂತೆಯಿಂದ ನಡೆದು ಬಂದಳು.

“ಹೊತ್ತುಗೊತ್ತು ಇಲ್ಲೇನಬೇ ನಿನಗ? ಒಲಿ ಆರೇತಿ, ಹೋಗು!” ಎಂದು ಗುರುಪಾದಯ್ಯನವರು ಗದರಿದರು.

“ಮೂರನೇ ಕೂಗಿಗೆ ಬರ್ತಿದ್ನೆಪ್ಪಾ. ದುಂಡಪ್ಪ ಹಳ್ಳದ ತನಕಾ ಬಂದು ಕೂಗ್ತಿದ್ದ, ನಕ್ಕೋಂತ ನೀಡ್ತಿದ್ದ. ಅವಗ ಮೈಯಾಗ ಆರಾಮಿಲ್ಲೇನು?” ಎಂದಳು ಮುದುಕಿ.

ಶಿವಯೋಗಿಗಳು ಜಗಲಿಯಿಂದ ಎದ್ದು ಬಂದರು. ಎಲ್ಲರ ಊಟವಾದ ಮೇಲೆ ಉಣ್ಣಲೆಂದು ಇರಿಸಿಕೊಂಡಿದ್ದ ತಮ್ಮ ರೊಟ್ಟಿಯನ್ನೇ ಅವಳಿಗೆ ಕೊಟ್ಟು ಕೂರಿಸಿದರು. ಆಮೇಲೆ ಮೆಲ್ಲಗೆ ನುಡಿದರು: “ಗುರುಪಾದಾ, ನಸುಕಿನ್ಯಾಗ ಏಳೋದು ನಿನ್ನ ಮೈಗುಣ, ತಡಾ ಮಾಡಿ ಏಳೋದು ಅವನ ಮೈಗುಣ. ನಿದ್ದಿ ಎಳಿಯೋ ಹೊತ್ತಿನ್ಯಾಗ ಬಾಗಿಲಿಗೆ ಬಂದವರಿಗೆ ಏನಂತೀವಿ, ಅದು ಮನಸಿನ ಗುಣ.”

ಗುರುಪಾದಯ್ಯನವರಿಗೆ ತಮ್ಮ ಗದರಿಕೆಗೆ ತಮಗೇ ನಾಚಿಕೆಯಾಯಿತು. ಅಪ್ಪನವರು ಉಪವಾಸ ಉಳಿದರೆಂಬ ಸಂಕಟ ಬೇರೆ. ನೆನೆದ ಒಲೆಯನ್ನು ಊದಿ ಊದಿ ಹೊತ್ತಿಸಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊಸದಾಗಿ ರೊಟ್ಟಿ ತಟ್ಟಿದರು. ಉಳಿದೆರಡು ಕೂಗನ್ನೂ ಹಳ್ಳದ ತನಕ ಹೋಗಿ ಕೂಗಿ ಬಂದರು.

ಮರುದಿನ ನಾಲ್ಕಕ್ಕೆ ಎಂದಿನಂತೆ ಎಚ್ಚರವಾಯಿತು. ಗಂಟೆಯನ್ನು ಬಿಚ್ಚಿ ಅಂಗಳದ ಆಚೆಯ ಕಂಬಕ್ಕೆ ಕಟ್ಟಿದರು. ಮಲಗಿದ್ದ ದುಂಡಪ್ಪನ ಮೋರೆಗೆ ಬಿಸಿಲು ಬೀಳದಿರಲೆಂದು, ಕಿಟಕಿಗೆ ತಮ್ಮ ಮಡಿಪಂಚೆಯನ್ನು ಇಳಿಬಿಟ್ಟರು.